ತಾಳಮದ್ದಲೆ ಕೂಟದಲ್ಲಿ ಸ್ವಂತ ಪುಸ್ತಕ ಮಾರುವುದು: ಮಾರಿದವರು, ಕೊಂಡವರು ಬನ್ನಿ, ಮಾತಾಡೋಣ

ಹೊಸನಗರದ ಕತೆಗಾರ್ತಿ

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲೂಕಿನವಳು. ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ವೇಷ ಕಟ್ಟುವವರ ಬದುಕಿನ ಮೇಲೆ ಒಂದು ಕಾದಂಬರಿ ಬರೆದು, ನಾನೇ ಅಚ್ಚು ಹಾಕಿಸಿದ್ದೇನೆ. ಪ್ರಕಾಶಕರಿಲ್ಲ, ವಿತರಕರಿಲ್ಲ. ಈ ಮಳೆಗಾಲ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತಾಳಮದ್ದಲೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಕೂಟಗಳಲ್ಲಿ ಮೇಜು ಹಾಕಿಕೊಂಡು ಮಾರಿದೆ. ಇದೇ ದಾರಿ ಹಿಡಿಯುವವರಿಗೆ ಉಪಯೋಗವಾಗಲಿ ಅಂತ ಕಂಡದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಅನುಭವವನ್ನೂ ಸೇರಿಸಿ. ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಹೇಳಿ.

ತಾಳಮದ್ದಲೆಯೇ ಯಾಕೆ ಅಂತ ಕೆಲವರು ಕೇಳಿದರು. ಮೇಳಗಳ ತಿರುಗಾಟ ದೀಪಾವಳಿ ಆಸುಪಾಸಿಗೆ ಶುರುವಾಗಿ ಮೇ ತಿಂಗಳ ಕೊನೆಗೆ ಮುಗಿಯುತ್ತದೆ. ಬಯಲಾಟಕ್ಕೆ ಜನ ಎಷ್ಟೇ ಸೇರಲಿ, ಪುಸ್ತಕ ತಿರುವಿ ನೋಡುವವರು ಕಡಿಮೆ. ಬೆಳಕು ರಂಗಸ್ಥಳದ ಮೇಲಿರುತ್ತದೆ, ಸುತ್ತ ಕತ್ತಲೆ. ಮೇಲಿಂದ ಆ ತಿಂಗಳುಗಳಲ್ಲಿ ನಮ್ಮ ಕಡೆ ಅಡಿಕೆ ಕೊಯ್ಲು. ಹಗಲೆಲ್ಲ ಕೊನೆ ಕೊಯ್ದು, ಸುಲಿದು, ಬೇಯಿಸಿ ಸುಸ್ತಾದವರು ಆಟಕ್ಕೆ ಬಂದರೆ ಅದೇ ದೊಡ್ಡದು.

ಮಳೆಗಾಲದ ತಾಳಮದ್ದಲೆಯೇ ಬೇರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ, ಅದಕ್ಕೆ ಅರ್ಥಧಾರಿಗಳು ಪಾತ್ರವಾಗಿ ಆಡುವ ಮಾತು (ಅದನ್ನೇ ಅರ್ಥ ಅನ್ನುವುದು), ಅಷ್ಟೇ. ಬರೀ ಮಾತು ಕೇಳುವುದಕ್ಕೆ ಆ ಮಳೆಯಲ್ಲಿ ಕೊಡೆ ಹಿಡಿದು ಬರುವವರು ಎಂಥವರು ಹೇಳಿ? ಅವರ ಮನೆಯಲ್ಲಿ ಪುಸ್ತಕದ ಕಪಾಟು ಇದ್ದೇ ಇರುತ್ತದೆ. ನನ್ನ ಓದುಗರು ಇಲ್ಲೇ ಇದ್ದಾರೆ ಅಂತ ನನಗೆ ಮೊದಲಿಂದಲೂ ನಂಬಿಕೆ ಇತ್ತು.

ಮೇಜು ಎಲ್ಲಿ ಹಾಕಬೇಕು ಅನ್ನುವುದು ಬಹಳ ಮುಖ್ಯ. ಸಭಾಂಗಣದ ಒಳಗೆ ಬೇಡ. ಚಪ್ಪಲಿ ಬಿಡುವ ಜಗಲಿಯಲ್ಲಿ, ಕಷಾಯ ಕೊಡುವ ಜಾಗಕ್ಕೆ ಹೋಗುವ ದಾರಿಯಲ್ಲಿ ಹಾಕಿ. ಎಲ್ಲರೂ ಅಲ್ಲಿ ಒಂದು ಸಲ ನಿಂತೇ ನಿಲ್ಲುತ್ತಾರೆ. ವ್ಯಾಪಾರ ಆಗುವುದು ಎರಡೇ ಹೊತ್ತಿನಲ್ಲಿ: ಶುರುವಾಗುವ ಮುಂಚಿನ ಅರ್ಧ ಗಂಟೆ, ಮತ್ತೆ ನಡುವೆ ಕಷಾಯಕ್ಕೆ ಬಿಡುವಾಗ. ಮಂಗಳ ಹಾಡಿದ ಮೇಲೆ ಯಾರೂ ನಿಲ್ಲುವುದಿಲ್ಲ. ಕೊನೇ ಬಸ್ಸು, ಜೀಪು, ಮಳೆ, ಎಲ್ಲರಿಗೂ ಮನೆ ಸೇರುವ ಅವಸರ.

ಪದ್ಯ ಶುರುವಾದ ಮೇಲೆ ನಾನು ಮೇಜಿನ ಮೇಲೆ ಬಟ್ಟೆ ಹೊದಿಸಿ ಒಳಗೆ ಹೋಗಿ ಕೂರುತ್ತೇನೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ನಾನೂ ತಾಳಮದ್ದಲೆ ಕೇಳಲು ಬಂದವಳೇ. ಸಂಧಾನಕ್ಕೆ ಬಂದ ಕೃಷ್ಣನಿಗೆ ಕೌರವ ಏನು ಉತ್ತರ ಕೊಡುತ್ತಾನೆ ಅಂತ ಇಡೀ ಸಭೆ ಕಾಯುವಾಗ, ಹೊರಗೆ ನಿಂತು ಚಿಲ್ಲರೆ ಎಣಿಸುತ್ತಿದ್ದರೆ ನನ್ನ ಕಾದಂಬರಿಯನ್ನು ಯಾರು ಯಾಕೆ ನಂಬಬೇಕು? ಕೂಟದವರಾಗಿ ಬಂದರೆ ಮಾತ್ರ ಕೂಟದವರು ನಮ್ಮ ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ.

ಇನ್ನೊಂದು. ಮೇಜಿಗೆ ಬಂದವರು ಮೊದಲು ಕೇಳುವುದು "ಇದು ಯಾವ ಪ್ರಸಂಗ?" ಅಂತ, ಅಂದರೆ ಯಾವ ಆಟದ ಪದ್ಯಗಳ ಪುಸ್ತಕ ಅಂತ. ಪ್ರಸಂಗ ಅಲ್ಲ ಅಂದರೆ "ಯಾವ ಕಲಾವಿದರ ಜೀವನ ಚರಿತ್ರೆ?" ಅಂತ. ಕಾದಂಬರಿ ಅಂದ ಕೂಡಲೇ ಅರ್ಧ ಜನ ಕೆಳಗಿಡುತ್ತಾರೆ. ಅದಕ್ಕೆ ನಾನು ಕತೆ ಹೇಳಲು ಹೋಗುವುದಿಲ್ಲ. ಮುಂಡಾಸು ಕಟ್ಟುವ ದೃಶ್ಯ ಇರುವ ಪುಟಕ್ಕೆ ಒಂದು ದಾರ ಇಟ್ಟಿರುತ್ತೇನೆ. "ಈ ಒಂದು ಪುಟ ಓದಿ ನೋಡಿ" ಅಂತ ಕೈಗೆ ಕೊಟ್ಟು ಸುಮ್ಮನಾಗುತ್ತೇನೆ. ಓದಿದವರಲ್ಲಿ ಹೆಚ್ಚಿನವರು ಪುಸ್ತಕ ವಾಪಸು ಇಡುವುದಿಲ್ಲ.

ಬೆಲೆ, ಗೌರವ ಪ್ರತಿ, ಮಳೆ ಇವುಗಳ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮದು ಕೇಳೋಣ.

ಸಾಗರದ ಪ್ರೇಕ್ಷಕ

ಅಕ್ಕ, ನಿಮ್ಮ ಪುಸ್ತಕ ಕೊಂಡವರಲ್ಲಿ ನಾನೂ ಒಬ್ಬ. ಕೊಂಡದ್ದು ಯಾಕೆ ಗೊತ್ತಾ? ಮುಖಪುಟ ನೋಡಿ. ಬಡಗಿನ (ಉತ್ತರದ ಕಡೆಯ ಶೈಲಿಯ) ಕತೆಗೆ ಬಡಗಿನ ಮುಂಡಾಸೇ ಇತ್ತು. ಇದು ಸಣ್ಣ ವಿಷಯ ಅನ್ನಿಸಬಹುದು, ನಮಗೆ ಅಲ್ಲ. ಯಕ್ಷಗಾನ ಅಂದ ಕೂಡಲೇ ಎಲ್ಲಿಂದಲೋ ಒಂದು ತೆಂಕಿನ (ದಕ್ಷಿಣದ ಕಡೆಯ ಶೈಲಿಯ) ಕಿರೀಟದ ಚಿತ್ರ ತಂದು ಹಾಕುತ್ತಾರೆ. ಕತೆ ಕುಂದಾಪುರ, ಸಾಗರದ ಕಡೆಯದು, ಮುಖಪುಟ ಮಂಗಳೂರು ಕಡೆಯದು. ಅಲ್ಲಿಗೇ ನಮಗೆ ಗೊತ್ತಾಗುತ್ತದೆ, ಬರೆದವರಿಗೆ ಆಟದ ಪರಿಚಯ ಇಲ್ಲ ಅಂತ. ಒಳಗೆ ಎಷ್ಟೇ ಚೆನ್ನಾಗಿ ಬರೆದಿರಲಿ, ಕೈಗೆತ್ತಿಕೊಳ್ಳಲು ಮನಸ್ಸಾಗುವುದಿಲ್ಲ.

ಹೊಸನಗರದ ಕತೆಗಾರ್ತಿ

ಹೌದು, ಮುಖಪುಟಕ್ಕೆ ತುಂಬ ತಲೆ ಕೆಡಿಸಿಕೊಂಡಿದ್ದೆ. ಫೋಟೊ ಬೇಡ ಅಂತ ಚಿತ್ರವೇ ಬರೆಸಿದೆ. ಫೋಟೊ ಹಾಕುವುದಾದರೆ ತೆಗೆದವರ ಒಪ್ಪಿಗೆ ಬೇಕು, ವೇಷ ಮಾಡಿದ ಕಲಾವಿದರನ್ನೂ ಕೇಳಬೇಕು. ಫೇಸ್‌ಬುಕ್ಕಿನಲ್ಲಿ ಸಿಕ್ಕಿತು ಅಂತ ಹಾಕಿಕೊಳ್ಳುವುದು ಸರಿಯಲ್ಲ. ಅವರು ಅದೇ ಕೂಟದಲ್ಲಿ ಎದುರಿಗೆ ಕೂತಿರುತ್ತಾರೆ.

ಕೊಪ್ಪದ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ. ಫೋಟೊ ಮಾತು ಬಂದದ್ದಕ್ಕೆ ಪದ್ಯಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಯಕ್ಷಗಾನದ ಮೇಲೆ ಕತೆ ಬರೆಯುವವರು ನಡುನಡುವೆ ಪ್ರಸಂಗದ ಪದ್ಯ ಹಾಕುತ್ತಾರೆ. ಹಳೆಯ ಕವಿಗಳ ಪದ್ಯವಾದರೆ ತೊಂದರೆ ಇಲ್ಲ. ನಮ್ಮ ದೇಶದಲ್ಲಿ ಕವಿ ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ಮನೆಯವರದು. ಈಗಿನ ಪ್ರಸಂಗಕರ್ತರ, ನಿನ್ನೆ ಮೊನ್ನೆ ತೀರಿಕೊಂಡವರ ಪದ್ಯ ಹಾಕುವಾಗ ಕೇಳಿಯೇ ಹಾಕಬೇಕು. ಸಾಮಾನ್ಯವಾಗಿ ಸಂತೋಷದಿಂದಲೇ ಕೊಡುತ್ತಾರೆ. ಕೇಳದೆ ಹಾಕಿದರೆ ಬೇಸರವಾಗುತ್ತದೆ, ಅದು ಸಹಜ.

ಲೇಖಕರೇ ಪುಸ್ತಕ ಹೊತ್ತು ಮಾರುವುದು ಕನ್ನಡಕ್ಕೆ ಹೊಸದಲ್ಲ ಅನ್ನುವುದೂ ನೆನಪಿರಲಿ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಮೇಜು ಹಾಕಿ ಕೂತದ್ದಕ್ಕೆ ಸಂಕೋಚ ಪಡುವವರನ್ನು ನೋಡಿದ್ದೇನೆ. ಖಂಡಿತ ಬೇಡ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿಕೊಂಡು ನಿಂತಿತು. ನಮ್ಮ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ನಾಟಕ ಸಂಘ ಹುಟ್ಟಿತು. ಮುಂದೆ 1957ರಲ್ಲಿ ಕೆ.ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನ ಶುರು ಮಾಡಿದರು. ನಾಟಕ ನೋಡಲು ಬಂದವರು ಪುಸ್ತಕ ಹಿಡಿದು ಮನೆಗೆ ಹೋಗುವುದು ನಮ್ಮ ಕಡೆ ಇಷ್ಟು ವರ್ಷಗಳಿಂದ ನಡೆದು ಬಂದಿದೆ. ತಾಳಮದ್ದಲೆಯಲ್ಲೂ ಯಾಕಾಗಬಾರದು?

ಸಿರಸಿ ಸಂಘಟಕ

ಮೇಜು ಹಾಕಲು ಜಾಗ ಕೊಡುವ ನಮ್ಮ ಕಡೆಯಿಂದ ಎರಡು ಮಾತು.

ಬಾಡಿಗೆ ನಾವು ತೆಗೆದುಕೊಳ್ಳುವುದಿಲ್ಲ. ಆದರೆ ಮೊದಲೇ ಫೋನ್ ಮಾಡಿ ಹೇಳಿ. ಕೂಟದ ಹೊತ್ತಿಗೆ ಸೀದಾ ಬಂದು ಎಲ್ಲಿ ಇಡಲಿ ಅಂತ ಕೇಳಿದರೆ ನಮಗೆ ಕಷ್ಟ. ಆ ಹೊತ್ತಿನಲ್ಲಿ ಮೈಕು ಸರಿ ಇಲ್ಲ, ಒಬ್ಬರು ಅರ್ಥಧಾರಿಗಳು ಇನ್ನೂ ಘಾಟಿಯಲ್ಲಿದ್ದಾರೆ, ಅಡುಗೆ ಮನೆಯಲ್ಲಿ ಊಟಕ್ಕೆ ಎಷ್ಟು ಜನ ಅಂತ ಕೇಳುತ್ತಿರುತ್ತಾರೆ. ಮೊದಲೇ ಹೇಳಿದರೆ ಒಂದು ಮೇಜು, ಒಂದು ಬಲ್ಬು ತಯಾರಿಟ್ಟಿರುತ್ತೇವೆ. ಬಲ್ಬು ನೆನಪಿರಲಿ. ಮಳೆಗಾಲದಲ್ಲಿ ಜಗಲಿ ಸಂಜೆ ನಾಲ್ಕಕ್ಕೇ ಕತ್ತಲು, ಅಕ್ಷರ ಕಾಣದ ಜಾಗದಲ್ಲಿ ಪುಸ್ತಕ ಹೋಗುವುದಿಲ್ಲ.

ಕರೆಂಟು ಹೋದರೆ ಸಭೆಗೆ ಜನರೇಟರ್ ಇರುತ್ತದೆ, ಜಗಲಿಗೆ ಇರುವುದಿಲ್ಲ. ಚಾರ್ಜ್ ಮಾಡಿದ ದೀಪ ಒಂದು ತನ್ನಿ.

ಮೊಬೈಲಿನಲ್ಲಿ ದುಡ್ಡು ಹಾಕುವುದನ್ನೂ ಪೂರ್ತಿ ನಂಬಬೇಡಿ. ನಮ್ಮ ಕಡೆ ಎಷ್ಟೋ ಸಭಾಭವನಗಳಲ್ಲಿ ಸಿಗ್ನಲ್ ಇಲ್ಲ. ಕ್ಯೂಆರ್ ಕೋಡ್ ಇದ್ದರೂ ದುಡ್ಡು ಹೋಗದೆ ಜನ ಪುಸ್ತಕ ವಾಪಸು ಇಟ್ಟು ಹೋಗುವುದನ್ನು ಕಂಡಿದ್ದೇನೆ.

ಹೊಸನಗರದ ಕತೆಗಾರ್ತಿ

ಸಿಗ್ನಲ್ ಇಲ್ಲದ ಕಡೆ ನಾನು ಒಂದು ನೋಟ್‌ಬುಕ್ ಇಟ್ಟಿರುತ್ತೇನೆ. ಹೆಸರು, ಊರು, ಫೋನ್ ನಂಬರ್ ಬರೆದು ಪುಸ್ತಕ ತೆಗೆದುಕೊಂಡು ಹೋಗಿ, ಮನೆಗೆ ಹೋದ ಮೇಲೆ ದುಡ್ಡು ಹಾಕಿ ಅನ್ನುತ್ತೇನೆ. ಹಾಕುತ್ತಾರೆ. ದುಡ್ಡಿನ ಜೊತೆ ಎರಡು ಸಾಲು ಅಭಿಪ್ರಾಯವೂ ಬರುತ್ತದೆ. ತಾಳಮದ್ದಲೆ ಜನರ ಮೇಲೆ ನನಗೆ ಇರುವ ನಂಬಿಕೆ ಅಂಥದ್ದು.

ಹೊಸ ಬರಹಗಾರ, ಶಿವಮೊಗ್ಗ

ಮೇಡಂ, ನಾನು ಭಾಗವತಿಕೆ ಕಲಿಯುವ ಹುಡುಗನ ಮೇಲೆ ಕತೆಗಳನ್ನು ಬರೆದಿದ್ದೇನೆ. ಇನ್ನೂ ಅಚ್ಚಾಗಿಲ್ಲ. ಎಷ್ಟು ಪ್ರತಿ ಹಾಕಿಸಬೇಕು? ಬೆಲೆ ಎಷ್ಟಿಡಬೇಕು? ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಬೇಕೇ ಬೇಕಾ? ಒಬ್ಬರು ಅದಕ್ಕೆ ದುಡ್ಡು ಕೇಳುತ್ತಿದ್ದಾರೆ.

ಮುದ್ರಣದವ, ಶಿವಮೊಗ್ಗ

ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅಚ್ಚಿಗೆ ಕೊಡುವ ಸಾಕಷ್ಟು ಮುಂಚೆ ಹಾಕಿ. ಕೂಟದ ಮೇಜಿನಲ್ಲಿ ಆ ನಂಬರ್ ಯಾರೂ ನೋಡುವುದಿಲ್ಲ. ಮುಂದೆ ಅಂಗಡಿಗೆ, ಗ್ರಂಥಾಲಯಕ್ಕೆ, ಆನ್‌ಲೈನ್ ಮಾರಾಟಕ್ಕೆ ಕೊಡುವಾಗ ಬೇಕಾಗುತ್ತದೆ.

ಪುಟದ ಲೆಕ್ಕ. ಪುಸ್ತಕ 16 ಪುಟಗಳ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ. 12 ಫಾರಂ ಅಂದರೆ 192 ಪುಟ, 13 ಫಾರಂ ಅಂದರೆ 208. ನಿಮ್ಮ ಕತೆ 195 ಪುಟಕ್ಕೆ ನಿಂತರೆ ಮೂರು ಪುಟಕ್ಕಾಗಿ ಒಂದು ಫಾರಂ ಜಾಸ್ತಿ ಆಗುತ್ತದೆ. ಅಚ್ಚಿಗೆ ಮುಂಚೆ ಪುಟ ಕಟ್ಟುವವರ ಹತ್ತಿರ ಕೂತು ಸರಿ ಮಾಡಿಕೊಳ್ಳಿ.

ಎಷ್ಟು ಪ್ರತಿ ಅನ್ನುವುದಕ್ಕೆ ನನ್ನ ಸಲಹೆ: ಮೊದಲ ಸಲ ಡಿಜಿಟಲ್‌ನಲ್ಲಿ ಸ್ವಲ್ಪವೇ ಹಾಕಿಸಿ. ಪ್ರತಿಯೊಂದಕ್ಕೆ ಖರ್ಚು ಜಾಸ್ತಿ ಬೀಳುತ್ತದೆ, ನಿಜ. ಆಫ್‌ಸೆಟ್‌ನಲ್ಲಿ ಸಾವಿರ ಹಾಕಿಸಿದರೆ ಪ್ರತಿಯ ಖರ್ಚು ಇಳಿಯುತ್ತದೆ, ಆದರೆ ಆ ಸಾವಿರವನ್ನು ಇಡುವುದು ಎಲ್ಲಿ? ಮಲೆನಾಡಿನ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಇಡುವುದು ಸುಲಭದ ಮಾತಲ್ಲ.

ಹೊಸನಗರದ ಕತೆಗಾರ್ತಿ

ಈ ಕಾಗದದ ವಿಷಯ ನಾನೇ ಬರೆಯಬೇಕೆಂದಿದ್ದೆ. ಮಳೆಗಾಲದಲ್ಲಿ ಪುಸ್ತಕ ಮಾರುವವರಿಗೆ ದೊಡ್ಡ ಶತ್ರು ತೇವ. ಮಳೆ ನೇರವಾಗಿ ಬಿದ್ದರೆ ಟಾರ್ಪಾಲು ಕಟ್ಟಿ ತಪ್ಪಿಸಬಹುದು. ಗಾಳಿಯಲ್ಲೇ ಇರುವ ತೇವಕ್ಕೆ ಏನು ಮಾಡುವುದು? ಮೇಜಿನ ಮೇಲೆ ಒಂದು ಸಂಜೆ ಇಟ್ಟರೆ ಸಾಕು, ಮುಖಪುಟ ಮೇಲಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ.

ಮುದ್ರಣದವರೇ, ಇದು ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?

ಮುದ್ರಣದವ, ಶಿವಮೊಗ್ಗ

ಮುಖಪುಟದ ಹೊರಮೈಗೆ ಮಾತ್ರ ಲ್ಯಾಮಿನೇಶನ್ ಇರುತ್ತದೆ. ಆ ಪ್ಲಾಸ್ಟಿಕ್ ಹಾಳೆ ನೀರು ಕುಡಿಯುವುದಿಲ್ಲ. ಒಳಮೈ ಬರೀ ಕಾಗದ, ಅದು ತೇವ ಹೀರಿ ಹಿಗ್ಗುತ್ತದೆ. ಒಂದು ಮೈ ಹಿಗ್ಗಿ ಇನ್ನೊಂದು ಹಾಗೇ ಉಳಿದಾಗ ಹೊರಕ್ಕೆ ಬಾಗುತ್ತದೆ. ಪೂರ್ತಿ ತಪ್ಪಿಸಲು ಆಗುವುದಿಲ್ಲ. ಪುಸ್ತಕಗಳನ್ನು ಮಲಗಿಸಿ, ಮೇಲೆ ಭಾರ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಮೇಜಿನ ಮೇಲೆ ಒಂದೆರಡು ಪ್ರತಿ ಮಾತ್ರ ಬಿಚ್ಚಿಡಿ, ಅವು ಓದಿ ನೋಡುವವರಿಗೆ. ಕೊಳ್ಳುವವರಿಗೆ ಚೀಲದಿಂದ ಹೊಸದು ತೆಗೆದುಕೊಡಿ. ರಟ್ಟಿನ ಪೆಟ್ಟಿಗೆಯನ್ನು ಸಿಮೆಂಟು ನೆಲದ ಮೇಲೆ ಇಡಬೇಡಿ, ಕೆಳಗೆ ಹಲಗೆ ಬೇಕು.

ತೀರ್ಥಹಳ್ಳಿಯ ಓದುಗಿ

ನಮ್ಮ ಮನೆಯಲ್ಲಿ ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಹೊಗೆ ವಾಸನೆ ಬರುತ್ತದೆ, ಆದರೆ ಬೂಸ್ಟು ಹಿಡಿಯುವುದಿಲ್ಲ. ಮಾರುವ ಪುಸ್ತಕಕ್ಕೆ ಆಗಲಿಕ್ಕಿಲ್ಲ, ಮನೆಯ ಪುಸ್ತಕಕ್ಕೆ ಸರಿ.

ತೀರ್ಥಹಳ್ಳಿ ಅರ್ಥಧಾರಿ

ಎಲ್ಲ ಓದಿದೆ. ಒಂದು ವಿಷಯಕ್ಕೆ ನನ್ನ ತಕರಾರು ಇದೆ. ಹೊಸಬರ ಪುಸ್ತಕ ಜನರಿಗೆ ಗೊತ್ತಾಗುವುದು ಹೇಗೆ? ಅರ್ಥಧಾರಿಗಳಿಗೆ, ಭಾಗವತರಿಗೆ, ಅಧ್ಯಕ್ಷತೆ ವಹಿಸಿದವರಿಗೆ ಒಂದೊಂದು ಗೌರವ ಪ್ರತಿ ಕೊಟ್ಟರೆ ಅವರು ಹತ್ತು ಕಡೆ ಹೇಳುತ್ತಾರೆ. ಅದು ಖರ್ಚಲ್ಲ, ಪ್ರಚಾರ. ನಿಮ್ಮ ಮೇಜಿನಲ್ಲಿ ಗೌರವ ಪ್ರತಿ ಇಲ್ಲ ಅಂತ ಕೇಳಿದೆ. ಅದು ಸ್ವಲ್ಪ ಬಿಗಿಯಾಯಿತು ಅನ್ನಿಸಿತು, ತಪ್ಪು ತಿಳಿಯಬೇಡಿ.

ಹೊಸನಗರದ ಕತೆಗಾರ್ತಿ

ತಪ್ಪು ಯಾಕೆ ತಿಳಿಯಲಿ, ನೀವು ಕೇಳಿದ್ದು ಒಳ್ಳೆಯದೇ ಆಯಿತು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದು ಪ್ರತಿಯ ಅಚ್ಚಿನ ಖರ್ಚು 80 ರೂಪಾಯಿ ಅಂತ ಇಟ್ಟುಕೊಳ್ಳಿ. ಮೇಜಿನಲ್ಲಿ 200ಕ್ಕೆ ಮಾರಿದರೆ ಕೈಗೆ ಉಳಿಯುವುದು 120. 30 ಗೌರವ ಪ್ರತಿ ಕೊಟ್ಟರೆ 2,400 ರೂಪಾಯಿ ಹೋಯಿತು. ಅದನ್ನು ತುಂಬಿಸಲು 20 ಪುಸ್ತಕ ಮಾರಬೇಕು. ಒಂದು ಸಂಜೆಯ ಕೂಟದಲ್ಲಿ 20 ಪುಸ್ತಕ ಮಾರುವುದು ಎಷ್ಟು ಕಷ್ಟ ಅಂತ ಮೇಜಿನ ಹಿಂದೆ ಕೂತವರಿಗೆ ಗೊತ್ತು. ದೊಡ್ಡ ಪ್ರಕಾಶಕರಿಗೆ ಈ ಲೆಕ್ಕ ಏನೂ ಅಲ್ಲ. ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದವರಿಗೆ ಇದು ಮುಂದಿನ ಪುಸ್ತಕದ ದುಡ್ಡು.

ದುಡ್ಡಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಇನ್ನೊಂದು. ವೇದಿಕೆಯಲ್ಲಿ ಹಾರದ ಜೊತೆ ಕೊಟ್ಟ ಪುಸ್ತಕವನ್ನು ಎಷ್ಟು ಜನ ಓದುತ್ತಾರೆ? ಕೊಂಡವರು ಓದುತ್ತಾರೆ. ಕೊಂಡವರು ಮತ್ತೆ ಮೇಜಿಗೆ ಬಂದು, "ಎರಡನೇ ಅಧ್ಯಾಯದಲ್ಲಿ ಚೌಕಿ ಪೂಜೆ ಬೇಗ ಮುಗಿಸಿಬಿಟ್ಟಿದ್ದೀರಿ, ಇನ್ನೂ ಬರೆಯಬಹುದಿತ್ತು" ಅಂತ ಹೇಳುತ್ತಾರೆ. ಆ ಮಾತಿಗಾಗಿಯೇ ನಾನು ಕೂಟಗಳಿಗೆ ಹೋಗುವುದು.

ನೀವು ಹೇಳಿದ ಪ್ರಚಾರದ ಮಾತೂ ಸರಿ. ಅದಕ್ಕೆ ನಾನು ಮಾಡುವುದು ಹೀಗೆ. ಕೂಟ ನಡೆಸುವ ಸಂಘದ ಕಪಾಟಿಗೆ ಒಂದು ಪ್ರತಿ ಕೊಡುತ್ತೇನೆ. ಓದಬೇಕೆನ್ನುವವರು ಅಲ್ಲಿಂದ ಒಯ್ಯಲಿ, ಕಲಾವಿದರೂ ಒಯ್ಯಲಿ. ಅರ್ಥದ ನಡುವೆ ಪುಸ್ತಕದ ಹೆಸರು ತರುವುದಂತೂ ನನಗೆ ಬೇಡವೇ ಬೇಡ. ಭೀಷ್ಮನ ಮಾತು ಕೇಳುತ್ತಿರುವಾಗ ಅಲ್ಲಿ ನನ್ನ ಕಾದಂಬರಿಗೆ ಏನು ಕೆಲಸ?

ತೀರ್ಥಹಳ್ಳಿ ಅರ್ಥಧಾರಿ

ಅರ್ಥದ ನಡುವೆ ತರಬಾರದು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹಾಗೆ ಮಾಡುವವರು ಇದ್ದಾರೆ, ರಸ ಕೆಡುತ್ತದೆ. ಕಪಾಟಿನ ವಿಚಾರ ಒಳ್ಳೆಯದು. ಆದರೂ ಹೇಳುತ್ತೇನೆ, ಹಿಮ್ಮೇಳದವರಿಗೆ ಕೊಡುವುದನ್ನು ನಿಲ್ಲಿಸಬೇಡಿ. ಮದ್ದಲೆ ನುಡಿಸುವವರು, ವೇಷ ಕಟ್ಟುವವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಿಮ್ಮ ಕಾದಂಬರಿ ಅವರದೇ ಕತೆ ಅಲ್ವಾ?

ಹೊಸನಗರದ ಕತೆಗಾರ್ತಿ

ಇದನ್ನು ಒಪ್ಪಿಕೊಂಡೆ. ಬರೆಯುವ ಮುಂಚೆ ಯಾರ ಹತ್ತಿರ ಕೂತು ಕೇಳಿಕೊಂಡಿದ್ದೆನೋ ಅವರಿಗೆಲ್ಲ ಪುಸ್ತಕ ಮುಟ್ಟಿಸಿದ್ದೇನೆ. ಅದು ಗೌರವ ಪ್ರತಿ ಅಲ್ಲ, ಅವರ ಪಾಲು. ಇನ್ನು ಮುಂದೆ ಕೂಟಕ್ಕೆ ಬರುವ ಹಿಮ್ಮೇಳದವರಿಗೂ ಒಂದು ಪ್ರತಿ ತೆಗೆದಿಡುತ್ತೇನೆ.

ಸಿರಸಿ ಸಂಘಟಕ

ಕಪಾಟಿನ ವಿಷಯ ನಮ್ಮ ಸಂಘದಲ್ಲಿ ಪ್ರಸ್ತಾಪ ಮಾಡುತ್ತೇನೆ. ಮೇಜು ಹಾಕಿದವರ ಹೆಸರನ್ನು ವಂದನಾರ್ಪಣೆಯಲ್ಲಿ ಹೇಳುವ ಬದಲು, ಕಷಾಯಕ್ಕೆ ಬಿಡುವಾಗ ಒಂದು ವಾಕ್ಯ ಹೇಳಿದರೆ ಉಪಯೋಗ ಜಾಸ್ತಿ. ವಂದನಾರ್ಪಣೆ ಹೊತ್ತಿಗೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ.

ಹೊಸ ಬರಹಗಾರ, ಶಿವಮೊಗ್ಗ

ಬೆಲೆಯ ಬಗ್ಗೆ ಯಾರೂ ಹೇಳಲಿಲ್ಲ. ರಿಯಾಯಿತಿ ಕೊಡಲೇಬೇಕಾ?

ಹೊಸನಗರದ ಕತೆಗಾರ್ತಿ

ರಿಯಾಯಿತಿ ಇಲ್ಲದೆ ಕನ್ನಡ ಪುಸ್ತಕ ಕೊಳ್ಳುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ನನಗೆ ಅದು ಇಷ್ಟವಿಲ್ಲ, ಆದರೂ ವಸ್ತುಸ್ಥಿತಿ ಅದು. ಅದಕ್ಕೆ ಪುಸ್ತಕದ ಮೇಲೆ 220 ಅಂತ ಹಾಕಿಸಿ, ಕೂಟದಲ್ಲಿ 200ಕ್ಕೆ ಕೊಡುತ್ತೇನೆ. 200 ಅಂದರೆ ಒಂದೇ ನೋಟು. 180 ಅಂತ ಇಟ್ಟರೆ ಪ್ರತಿಯೊಬ್ಬರಿಗೂ 20 ರೂಪಾಯಿ ಚಿಲ್ಲರೆ ಹುಡುಕಬೇಕು. ಕಷಾಯದ ಬಿಡುವು ಅದರಲ್ಲೇ ಮುಗಿದುಹೋಗುತ್ತದೆ.

ಅಂಗಡಿಗೆ ಕೊಟ್ಟರೆ ಸಾಮಾನ್ಯವಾಗಿ 30ರಿಂದ 40 ಶೇಕಡ ಕಮಿಷನ್ ಕೇಳುತ್ತಾರೆ. 220ರಲ್ಲಿ 35 ಶೇಕಡ ಅಂದರೆ 77 ರೂಪಾಯಿ. ನಮಗೆ ಬರುವುದು 143, ಅದೂ ಪುಸ್ತಕ ಮಾರಾಟವಾದ ಮೇಲೆ. ಅಂಗಡಿಯವರದ್ದು ತಪ್ಪು ಅನ್ನುತ್ತಿಲ್ಲ. ಅವರಿಗೂ ಬಾಡಿಗೆ, ಸಂಬಳ ಇದೆ. ಕೂಟದಲ್ಲಿ ಪೂರ್ತಿ 200 ಕೈಗೆ ಬರುತ್ತದೆ, ಓಡಾಟದ ಖರ್ಚು ಮಾತ್ರ ನಮ್ಮದು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಆ ತಲೆನೋವೂ ಇಲ್ಲ.

ಶಿವಮೊಗ್ಗದಿಂದ ಸಾಗರದ ಕಡೆ ಕೂಟ ಇದ್ದರೆ ತಾಳಗುಪ್ಪ ಟ್ರೈನಿಗೆ ಬನ್ನಿ. ಪುಸ್ತಕದ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ನಿಲ್ಲುವುದಕ್ಕಿಂತ ಸುಖ.

ತೀರ್ಥಹಳ್ಳಿಯ ಓದುಗಿ

ಹೆಂಗಸರು ಮಾರುವುದಾದರೆ ರಾತ್ರಿ ವಾಪಸು ಹೋಗುವುದು ಹೇಗೆ ಅಂತ ಮೊದಲೇ ಯೋಚನೆ ಮಾಡಬೇಕು. ಇದನ್ನು ಯಾರೂ ಬರೆದಿಲ್ಲ, ಅದಕ್ಕೆ ಹೇಳಿದೆ. ನನಗೂ ಒಂದು ಪುಸ್ತಕ ಬರೆಯುವ ಆಸೆ ಇದೆ. ಕೂಟ ಮುಗಿಯುವಾಗ ಹತ್ತು ಗಂಟೆ ಆದರೆ, ಮಳೆಯಲ್ಲಿ, ಪೆಟ್ಟಿಗೆ ಹಿಡಿದುಕೊಂಡು ಹೇಗೆ?

ಹೊಸನಗರದ ಕತೆಗಾರ್ತಿ

ತಂಗಿ, ಒಳ್ಳೆಯದು ಕೇಳಿದೆ. ನಾನು ಮಧ್ಯಾಹ್ನ ಶುರುವಾಗಿ ಸಂಜೆಗೆ ಮುಗಿಯುವ ಕೂಟಗಳನ್ನೇ ಆರಿಸಿಕೊಳ್ಳುತ್ತೇನೆ. ರಾತ್ರಿಯದ್ದಾದರೆ ನಮ್ಮೂರಿನವರ ಜೀಪು ಬರುವುದಿದ್ದರೆ ಮಾತ್ರ ಹೋಗುತ್ತೇನೆ. ಸಂಘಟಕರ ಮನೆಯವರನ್ನು ಮೊದಲೇ ಪರಿಚಯ ಮಾಡಿಕೊಂಡಿದ್ದರೆ ಉಳಿಯಲು ಜಾಗವೂ ಸಿಗುತ್ತದೆ. ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ.

ಇನ್ನೊಂದು ಹೇಳಲಾ? ಕೂಟದಲ್ಲಿ ಹೆಂಗಸರು ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ, ಕಷಾಯದ ಹೊತ್ತಿಗೆ ಅಡುಗೆಮನೆ ಕಡೆ ಹೋಗುತ್ತಾರೆ. ಜಗಲಿಯ ಮೇಜಿಗೆ ಬರುವುದಿಲ್ಲ. ನಾನು ಎರಡು ಪ್ರತಿ ಹಿಡಿದು ಅವರ ಹತ್ತಿರವೇ ಹೋಗುತ್ತೇನೆ. ನನ್ನ ಅತಿ ಒಳ್ಳೆಯ ಓದುಗರು ಅಲ್ಲೇ ಸಿಕ್ಕರು. ವೇಷ ಕಟ್ಟುವವನ ಹೆಂಡತಿಯ ಬಗ್ಗೆ ನಾನು ಬರೆದ ಭಾಗ ಅವರಿಗೆ ತಟ್ಟಿದಷ್ಟು ಬೇರೆ ಯಾರಿಗೂ ತಟ್ಟಲಿಲ್ಲ. ಆರು ತಿಂಗಳು ಗಂಡ ತಿರುಗಾಟದಲ್ಲಿದ್ದಾಗ ಮನೆ, ಕೊಟ್ಟಿಗೆ, ಮಕ್ಕಳ ಶಾಲೆ ಎಲ್ಲ ಯಾರು ನೋಡಿಕೊಂಡರು ಅಂತ ಅವರಿಗೆ ಗೊತ್ತು. ಒಬ್ಬರು ಪುಸ್ತಕ ಕೊಂಡು, ಸೆರಗಿನಲ್ಲಿ ಸುತ್ತಿಕೊಂಡು, "ನಮ್ಮ ಅಪ್ಪ ಮೇಳದಲ್ಲಿದ್ದರು" ಅಂದರು. ನೀನೂ ಬರೆ. ಆ ಕಡೆಯ ಕತೆಗಳು ಇನ್ನೂ ಬಹಳ ಉಳಿದಿವೆ.

ಬೆಂಗಳೂರಿನಲ್ಲಿರುವ ಮಲೆನಾಡಿಗ

ಕೂಟಕ್ಕೆ ಬರಲು ಆಗದವರ ಗತಿ ಏನು? ನನಗೆ ಒಂದು ಪ್ರತಿ ಬೇಕು. ಕೊರಿಯರ್ ಕೇಳಿದರೆ ಪುಸ್ತಕದ ಅರ್ಧ ಬೆಲೆ ಅದಕ್ಕೇ ಹೋಗುತ್ತದೆ.

ಕೊಪ್ಪದ ಮೇಷ್ಟ್ರು

ಅಂಚೆ ಇಲಾಖೆಯಲ್ಲಿ ಜ್ಞಾನ ಪೋಸ್ಟ್ ಅಂತ 2025ರ ಮೇ 1ರಿಂದ ಶುರುವಾಗಿದೆ. ಪುಸ್ತಕಗಳಿಗೆಂದೇ ಇರುವ ದರ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ 100 ರೂಪಾಯಿ, ತೆರಿಗೆ ಬೇರೆ. ಎಲ್ಲಿಗೆ ಮುಟ್ಟಿತು ಅಂತ ನೋಡುವ ಸೌಲಭ್ಯವೂ ಇದೆ. ರಸ್ತೆ, ರೈಲಿನಲ್ಲಿ ಹೋಗುವುದರಿಂದ ಸ್ವಲ್ಪ ತಡ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ಸ್ವಂತ ಪ್ರಕಟಣೆ ಮಾಡುವವರು ಎಷ್ಟೋ ಸಲ ಮುದ್ರಕರ ಹೆಸರು ಹಾಕುವುದನ್ನೇ ಬಿಟ್ಟಿರುತ್ತಾರೆ, ನೋಡಿಕೊಳ್ಳಿ.

ಮುದ್ರಣದವ, ಶಿವಮೊಗ್ಗ

ಹಾಗಾದರೆ ಕಾಗದ ಆರಿಸುವಾಗಲೇ ತೂಕದ ಲೆಕ್ಕ ಹಾಕಿ. ಡೆಮಿ ಅಳತೆಯ 208 ಪುಟದ ಪುಸ್ತಕ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ ಮುಖಪುಟ ಸೇರಿ ಸುಮಾರು 240 ಗ್ರಾಂ ಬರುತ್ತದೆ. ಪ್ಯಾಕಿಂಗ್ ಸೇರಿಸಿದರೂ 300ರ ಒಳಗೆ. 80 ಜಿಎಸ್‌ಎಂ ಹಾಕಿದರೆ 270 ದಾಟಿ, ಪ್ಯಾಕಿಂಗ್ ಸೇರಿದಾಗ 300 ಮುಟ್ಟುತ್ತದೆ. ಕಾಗದ ದಪ್ಪ ಇರಲಿ ಅಂತ ಎಲ್ಲರೂ ಕೇಳುತ್ತಾರೆ. 70 ಸಾಕು, ಓದಲು ಏನೂ ತೊಂದರೆ ಇಲ್ಲ.

ಸಾಗರದ ಪ್ರೇಕ್ಷಕ

ನನ್ನದೊಂದು ಕೋರಿಕೆ. ಕೂಟಗಳಲ್ಲಿ ಹಳೆಯ ಪ್ರಸಂಗ ಪುಸ್ತಕ ಮಾರುವವರು ಒಬ್ಬಿಬ್ಬರು ಬರುತ್ತಾರೆ. ಅವರ ಪಕ್ಕದಲ್ಲೇ ಮೇಜು ಹಾಕಿ. ನಾನು ನಿಮ್ಮ ಕಾದಂಬರಿ ನೋಡಿದ್ದೇ ಹಳೆಯ ಪ್ರಸಂಗ ಹುಡುಕಲು ಹೋಗಿದ್ದಾಗ. ಒಂದೇ ಪುಸ್ತಕ ಇರುವ ಮೇಜಿನ ಹತ್ತಿರ ಹೋಗಲು ನಮ್ಮಂಥವರಿಗೆ ಸಂಕೋಚ. ಹೋದರೆ ಕೊಳ್ಳಲೇಬೇಕೇನೋ ಅನ್ನಿಸುತ್ತದೆ. ಹತ್ತು ಪುಸ್ತಕ ಇದ್ದರೆ ಆರಾಮಾಗಿ ನಿಂತು ನೋಡುತ್ತೇವೆ.

ಹೊಸನಗರದ ಕತೆಗಾರ್ತಿ

ಇದು ನೂರಕ್ಕೆ ನೂರು ನಿಜ. ಒಬ್ಬಳೇ ಕೂತ ಕೂಟಕ್ಕೂ, ಪ್ರಸಂಗ ಪುಸ್ತಕದವರ ಪಕ್ಕ ಕೂತ ಕೂಟಕ್ಕೂ ಬಹಳ ವ್ಯತ್ಯಾಸ ಕಂಡಿದ್ದೇನೆ. ಅವರು ಊಟಕ್ಕೆ ಹೋದಾಗ ಅವರ ಪುಸ್ತಕವನ್ನು ನಾನು ಮಾರುತ್ತೇನೆ, ನಾನು ಒಳಗೆ ಕೂತಾಗ ಅವರು ನನ್ನದನ್ನು ನೋಡಿಕೊಳ್ಳುತ್ತಾರೆ.

ಹೊಸ ಬರಹಗಾರ, ಶಿವಮೊಗ್ಗ

ಹಾಗಾದರೆ ಬರುವ ಮಳೆಗಾಲಕ್ಕೆ ನನ್ನ ಕತೆಗಳ ಪುಸ್ತಕವೂ ನಿಮ್ಮ ಮೇಜಿನಲ್ಲಿ ಇಡಬಹುದಾ ಅಕ್ಕ? ನಾನೇ ಬಂದು ಕೂರುತ್ತೇನೆ. ಪೆಟ್ಟಿಗೆ ಹೊರುವ ಕೆಲಸವೂ ನನ್ನದೇ ಇರಲಿ.

ಹೊಸನಗರದ ಕತೆಗಾರ್ತಿ

ಖಂಡಿತ ಬಾ ತಮ್ಮ. ಆದರೆ ಅಚ್ಚಿಗೆ ಕೊಡುವ ಮುಂಚೆ ಭಾಗವತಿಕೆ ಗೊತ್ತಿರುವ ಯಾರಿಗಾದರೂ ಒಂದು ಸಲ ಓದಿಸು. ತಾಳ, ರಾಗದ ಹೆಸರು ಒಂದು ಕಡೆ ತಪ್ಪಿದರೂ ಇಲ್ಲಿಯವರು ಆ ಪುಟದಲ್ಲೇ ನಿಂತುಬಿಡುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನದ ಯೋಜನೆ ಇದೆ. ಅರ್ಜಿ ಕರೆದಾಗ ಹಸ್ತಪ್ರತಿ ಕಳಿಸು. ಸಿಕ್ಕರೆ ಅಚ್ಚಿನ ಖರ್ಚಿಗೆ ಆಸರೆಯಾಗುತ್ತದೆ.

ಬೇಸಿಗೆ ಮುಗಿಯುವುದರೊಳಗೆ ಪುಸ್ತಕ ಕೈಗೆ ಬರುವ ಹಾಗೆ ನೋಡಿಕೋ. ಜೂನ್ ಆದ ಮೇಲೆ ಅಚ್ಚಾದ ಕಾಗದ ಒಣಗುವುದೂ ನಿಧಾನ. ಕೂಟಗಳ ಆಹ್ವಾನ ಪತ್ರಿಕೆ ಬಂದ ಹಾಗೆ ನಾನು ಇಲ್ಲೇ ಹಾಕುತ್ತೇನೆ. ಮೇಜು, ದೀಪ, ಟಾರ್ಪಾಲು ನನ್ನ ಹತ್ತಿರ ಇದೆ. ನೀನು ಚಿಲ್ಲರೆ ತಾ.